ಎಂಟು ವರ್ಷದೊಳಗೆ ಎಂದ ಮಾತ್ರಕ್ಕೆ ನಿಶ್ಚಿಂತೆ ಬೇಡ

ಮಕ್ಕಳ ಸೊಂಟದ ಕೀಲಿಗೆ ಬರುವ ಪರ್ಥಿಸ್ ಕಾಯಿಲೆಯ ಬಗ್ಗೆ ಬಂದ ಲೇಖನವೊಂದರಲ್ಲಿ ಲೇಖಕರು "ಎಂಟರ ಒಳಗಿನ ಮಕ್ಕಳಲ್ಲಿ ತಾನಾಗಿ ಗುಣವಾಗುತ್ತದೆ" ಎಂದಿದ್ದಾರೆ. ಅರ್ಧ ಸರಿ. ತೊಡೆ ಎಲುಬಿನ ಮೇಲ್ತುದಿಯ ಗುಂಡು ಭಾಗಕ್ಕೆ ರಕ್ತ ಹರಿಯುವುದು ನಿಂತು ಅದು ಮೆತ್ತಗಾದಾಗ, ಆ ಗುಂಡಿನ ಹೊರಬದಿಯ ಭಾಗ ಎಷ್ಟು ಕುಸಿದಿದೆ ಎಂಬುದೂ ವಯಸ್ಸಿನಷ್ಟೇ ಮುಖ್ಯ. ಆ ಭಾಗದ ಎತ್ತರ ಪೂರ್ತಿ ಉಳಿದರೆ ಎ ದರ್ಜೆ, ಅರ್ಧಕ್ಕಿಂತ ಹೆಚ್ಚು ಉಳಿದರೆ ಬಿ, ಅರ್ಧಕ್ಕೂ ಕಡಿಮೆಯಾದರೆ ಸಿ. ಆರು ವರ್ಷದ ಮಗುವಿಗೆ ಬಿ ಇದ್ದರೆ ಆಪರೇಷನ್ ಇಲ್ಲದೆಯೂ ಸಾಮಾನ್ಯವಾಗಿ ಒಳ್ಳೆಯದಾಗುತ್ತದೆ. ಗುಂಡು ಮತ್ತೆ ದುಂಡಗಾಗಲು ಬೆಳವಣಿಗೆಯ ವರ್ಷಗಳು ಕೈಯಲ್ಲಿರುತ್ತವೆ. ಎಂಟು ದಾಟಿದ ಮಗುವಿಗೆ ಬಿ ಇದ್ದರೆ ಆಪರೇಷನ್ನಿನಿಂದ ಪ್ರಯೋಜನ ಇದೆ. ಸಿ ಆದರೆ ಚಿಕ್ಕ ವಯಸ್ಸೂ ಭರವಸೆ ಕೊಡುವುದಿಲ್ಲ.

ಎಡವಟ್ಟು ಆಗುವುದು ಇಲ್ಲೇ: ಮೊದಲ ಎಕ್ಸ್‌ರೇಯಲ್ಲಿ ಈ ದರ್ಜೆ ತಿಳಿಯುವುದಿಲ್ಲ, ಗುಂಡು ಚೂರಾಗುವ ಹಂತಕ್ಕೆ ಬಂದ ಮೇಲಷ್ಟೇ ಗೊತ್ತಾಗುತ್ತದೆ. ಆದರೆ ಗುಂಡನ್ನು ಸೊಂಟದ ಕುಳಿಯೊಳಗೆ ಕೂರಿಸುವ ಆಪರೇಷನ್ ಆ ಹಂತ ಮುಗಿಯುವ ಮೊದಲೇ ಆಗಬೇಕು. ಕಾಲು ಹೊರಕ್ಕೆ ಅಗಲಿಸಲು ಬಾರದಷ್ಟು ಬಿಗಿಯಾಗಿದ್ದರೆ ಮೊದಲು ಅದನ್ನು ಸಡಿಲಿಸಬೇಕು.

ನಮ್ಮ ಕರಾವಳಿಯಲ್ಲಿ ಈ ಕಾಯಿಲೆ ಹೆಚ್ಚು. ಕುಂಬಳೆ, ಬದಿಯಡ್ಕ ಕಡೆ ಮಗು ಮೊಣಕಾಲು ನೋವೆಂದು ಕುಂಟಿದರೆ ಉಳುಕೆಂದು ಎಣ್ಣೆ ತಿಕ್ಕಿ ತಿಂಗಳುಗಟ್ಟಲೆ ಕಳೆಯುವುದುಂಟು. ನೋವು ಮೊಣಕಾಲಲ್ಲಿ, ಮೂಲ ಸೊಂಟದ ಕೀಲಲ್ಲಿ. ಮೊಣಕಾಲಿನದ್ದು ಮಾತ್ರವಲ್ಲ, ಸೊಂಟದ ಎಕ್ಸ್‌ರೇಯನ್ನೂ ತೆಗೆಸಿ: ನೇರದ್ದೊಂದು, ತೊಡೆ ಅಗಲಿಸಿ ಕಪ್ಪೆಯಂತೆ ಮಲಗಿಸಿದ್ದೊಂದು. ಮಂಗಳೂರಿಗೆ ಹೋಗುವಾಗ ಹಳೆಯ ಫಿಲ್ಮ್‌ಗಳನ್ನೂ ಒಯ್ಯಿರಿ. ಹೋಲಿಸಿದರೇ ಕುಸಿತದ ವೇಗ ಕಾಣುವುದು.