ಕಾಂಕ್ರೀಟ್ ಕಟ್ಟಡದ ಗೆರೆ ಚಿನ್ನದ ಒಡವೆಗೆ ಒಗ್ಗೀತೆ?

ಪರ

ಬ್ರೆಜಿಲ್‌ನ ವಾಸ್ತುಶಿಲ್ಪಿ ಆಸ್ಕರ್ ನೀಮೆಯರ್ (1907–2012) ಅವರ ರೇಖಾಚಿತ್ರಗಳನ್ನು ಆಧರಿಸಿ ಅದೇ ದೇಶದ ಎಚ್. ಸ್ಟರ್ನ್ ಸಂಸ್ಥೆ ಒಡವೆಗಳನ್ನು ರೂಪಿಸಿತು. ವಿಜಯಪುರದ ಪತ್ತಾರರೂ (ಅಕ್ಕಸಾಲಿಗರೂ) ಇಂಥ ಕೆಲಸಕ್ಕೆ ಕೈ ಹಾಕಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಬ್ರೆಜಿಲ್‌ನ ರಾಜಧಾನಿ ಬ್ರೆಸಿಲಿಯಾದಲ್ಲಿ ನೀಮೆಯರ್ ರೂಪಿಸಿದ ಕೆಥೆಡ್ರಲ್‌ನಲ್ಲಿ (ಪ್ರಧಾನ ಚರ್ಚಿನಲ್ಲಿ) 16 ಬಾಗಿದ ಕಂಬಗಳು ನೆಲದಿಂದೆದ್ದು, ಒಂದನ್ನೊಂದು ಸಮೀಪಿಸಿ, ತುದಿಯಲ್ಲಿ ಮತ್ತೆ ಹೊರಚಾಚುತ್ತವೆ. ಕಟ್ಟಡದ ಚೆಲುವೆಲ್ಲ ಆ ಗೆರೆಗಳಲ್ಲೇ ನೆಲೆಸಿರುವುದರಿಂದ, ಅವನ್ನು ಚಿನ್ನದ ತಂತಿಯಲ್ಲಿ ಎಳೆದರೂ ಅವುಗಳ ಜೀವ ಉಳಿಯುತ್ತದೆ. ಬೆಲೊ ಹೊರಿಜಾಂಟೆ ನಗರದ ಪಂಪುಲ್ಯಾದಲ್ಲಿ ಅವರು ಕಟ್ಟಿದ ಚರ್ಚಿನ ಕಾಂಕ್ರೀಟ್ ಕಮಾನುಗಳು ತೆಳುವಾದ ಹೊದಿಕೆಯಾಗಿದ್ದೂ ತಮ್ಮ ಭಾರವನ್ನು ತಾವೇ ಹೊರುತ್ತವೆ. ಅರಗಿನ ಮೇಲೆ ತೆಳುವಾದ ಚಿನ್ನದ ತಗಡು ಹೊದಿಸಿ, ಕಡಿಮೆ ತೂಕದಲ್ಲೇ ಬೋರಮಾಳ ಸರದ ದುಂಡನೆಯ ಗುಂಡು ಮಾಡುವ ನಮ್ಮವರಿಗೆ, ಅಲ್ಪ ದ್ರವ್ಯದಿಂದ ದೊಡ್ಡ ಆಕಾರ ತೆಗೆಯುವ ಈ ಜಾಣ್ಮೆ ಹೊಸದಲ್ಲ. ಚಂಡೀಗಢದಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬುಸಿಯೆ ಕಲ್ಪನೆಯ ಸುಮಾರು 26 ಮೀಟರ್ ಎತ್ತರದ ‘ತೆರೆದ ಕೈ’ ಶಿಲ್ಪ ಗಾಳಿಗೆ ತಿರುಗುತ್ತದೆ. ಕಿವಿಯಲ್ಲಿ ತೂಗುವ ಜುಮಕಿ ಆ ಚಲನೆಯನ್ನು ಸಹಜವಾಗಿ ತನ್ನದಾಗಿಸಿಕೊಳ್ಳಬಲ್ಲದು. ಹಳೆಯ ಅಚ್ಚುಗಳನ್ನೇ ಮತ್ತೆ ಮತ್ತೆ ಒತ್ತುವುದಕ್ಕಿಂತ ಹೀಗೆ ಕಣ್ಣು ತೆರೆದು ನೋಡುವುದು ಕಸುಬಿಗೆ ಹಿತ.

ವಿರೋಧ

ಕಟ್ಟಡದ ಸತ್ವವಿರುವುದು ಅದರೊಳಗಿನ ಬಯಲಿನಲ್ಲಿ, ಮತ್ತು ಗೋಳಗುಮ್ಮಟದ ಊರಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಸುಮಾರು 44 ಮೀಟರ್ ಹೊರವ್ಯಾಸದ ಆ ಗುಮ್ಮಟದ ಆಕಾರವನ್ನು ಪದಕವಾಗಿ ಮಾಡಬಹುದು. ಒಂದು ಬದಿಯಲ್ಲಿ ಪಿಸುಗುಟ್ಟಿದ್ದು ಎದುರು ಬದಿಯಲ್ಲಿ ಕೇಳುವ ಬೆರಗನ್ನು ಮಾಡಲಾಗದು. ಬ್ರೆಸಿಲಿಯಾದಲ್ಲಿಯೂ ಭಕ್ತರು ಕತ್ತಲ ಹಾದಿಯಲ್ಲಿ ನೆಲದಡಿಗೆ ಇಳಿದು ಥಟ್ಟನೆ ಬೆಳಕಿನೊಳಗೆ ಬರುತ್ತಾರೆ, ಮತ್ತು ಆ 16 ಕಂಬಗಳಿಗೆ ಅರ್ಥ ಬರುವುದು ಅಲ್ಲಿ ನಿಂತು ತಲೆಯೆತ್ತಿದಾಗಲೇ. ಒಡವೆಗೆ ಸಿಗುವುದು ಹೊರಗೆರೆ ಮಾತ್ರ.

ನೀಮೆಯರ್ 1945ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದವರು. ಆ ಒಡವೆಗಳು ಅವರ ಸಹಕಾರದಿಂದಲೇ ಆದವೆಂಬುದು ನಿಜ. ಆದರೂ ಎಲ್ಲರೂ ಓಡಾಡುವ ಕಟ್ಟಡದ ರೂಪ ಕೆಲವರಷ್ಟೇ ಕೊಳ್ಳಬಲ್ಲ ಚಿನ್ನಕ್ಕೆ ಇಳಿದದ್ದು ನನಗೆ ಒಪ್ಪಿಗೆಯಾಗದು.

ಕಸುಬಿನ ತೊಡಕೂ ಸಣ್ಣದಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ 22 ಕ್ಯಾರೆಟ್ ಚಿನ್ನ ಮೆತುವಾದದ್ದು. ಅದರಲ್ಲಿ ಎಳೆದ ತೆಳುಗೆರೆ ದಿನಬಳಕೆಯಲ್ಲಿ ಬಾಗುತ್ತದೆ, ದಪ್ಪ ಮಾಡಿದರೆ ನೀಮೆಯರ್ ಗೆರೆಯ ಹಗುರವೇ ಹೋಗುತ್ತದೆ. ತಾಮ್ರ, ಬೆಳ್ಳಿ ಹೆಚ್ಚು ಬೆರೆತ 18 ಕ್ಯಾರೆಟ್ ಗಟ್ಟಿಯಾದರೂ ಅದರಲ್ಲಿ ಶುದ್ಧ ಚಿನ್ನ ಶೇ 75 ಮಾತ್ರ. ಕಷ್ಟಕಾಲದ ಆಸರೆಯೆಂದು ಒಡವೆ ಕೊಳ್ಳುವ ಮನೆಗಳಿಗೆ ಮರುಮಾರಾಟದಲ್ಲಿ ದೊರೆಯುವುದು ಚಿನ್ನದ ಬೆಲೆಯೇ ಹೊರತು ವಿನ್ಯಾಸಕ್ಕೆ ತೆತ್ತ ಮಜೂರಿಯಲ್ಲ.