ಗಟ್ಟಿಯಾಗಿ ಹಿಡ್ಕೊಳ್ಳಿ ಅಕ್ಕಾ

ಹಾಸನದ ನಮ್ಮ ಬಡಾವಣೆಯಲ್ಲಿ ಒಂದು ಮೆಡಿಕಲ್ ಶಾಪಿನ ಮೇಲೆ ಬ್ಯೂಟಿ ಪಾರ್ಲರ್ ಇದೆ. ಮೆಟ್ಟಿಲು ತೀರಾ ಕಿರಿದು. ಒಬ್ಬರು ಇಳಿಯುವಾಗ ಹತ್ತುವವರು ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಇಳಿಯುವವರ ಹುಬ್ಬಿನ ಸುತ್ತ ಕೆಂಪಗಾಗಿರುತ್ತದೆ. ಹತ್ತುವವರ ಮುಖದಲ್ಲಿ ಸಣ್ಣ ಅಳುಕು ಇರುತ್ತದೆ. ಬಾಗಿಲಿಗೆ ದಪ್ಪನೆಯ ಪರದೆ, ಅದರ ಮೇಲೆ ‘ಮಹಿಳೆಯರಿಗೆ ಮಾತ್ರ’ ಅನ್ನೋ ಬೋರ್ಡು. ಕೆಳಗೆ ರಸ್ತೆಯಲ್ಲಿ ಇಬ್ಬರು ಮೂವರು ಗಂಡಂದಿರು ಬೈಕಿನ ಮೇಲೆ ಕೂತು ಮೊಬೈಲ್ ಒತ್ತುತ್ತಿರುತ್ತಾರೆ. ‘ಐದೇ ನಿಮಿಷ ಕಣ್ರೀ’ ಎಂದು ಹತ್ತಿ ಹೋದವಳು ಮುಕ್ಕಾಲು ಗಂಟೆಯಾದರೂ ಇಳಿದಿರುವುದಿಲ್ಲ.

ನಾನು ತಿಂಗಳಿಗೊಮ್ಮೆ ಅಲ್ಲಿಗೆ ಹೋಗುವುದು ಐಬ್ರೋ ಮಾಡಿಸಲು. ಹುಬ್ಬು ಎನ್ನುವ ಚಂದದ ಮಾತು ಕನ್ನಡದಲ್ಲಿದೆ. ಹುಬ್ಬೇರಿಸುತ್ತೇವೆ, ಹುಬ್ಬು ಗಂಟಿಕ್ಕುತ್ತೇವೆ, ವಯಸ್ಸಿದ್ದಾಗ ಹುಬ್ಬು ಹಾರಿಸುವುದೂ ಉಂಟು. ಆದರೆ ಪಾರ್ಲರಿಗೆ ಹೋಗಿ ‘ಹುಬ್ಬು ಮಾಡಮ್ಮ’ ಅಂದವರನ್ನು ನಾನಂತೂ ಕಂಡಿಲ್ಲ. ಹುಬ್ಬು ಹುಟ್ಟುವಾಗಲೇ ಬಂದದ್ದು, ಐಬ್ರೋ ಐವತ್ತು ರೂಪಾಯಿ ಕೊಟ್ಟು ಮಾಡಿಸಿಕೊಂಡದ್ದು. ಎರಡೂ ಬೇರೆ ಬೇರೆಯೇ ಇರಬೇಕು.

ಕುರ್ಚಿಯಲ್ಲಿ ಒರಗಿ, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡೆ ಎಂದರೆ ಅಲ್ಲಿಂದಾಚೆ ಎಲ್ಲ ಮಂಜು. ಹುಬ್ಬಿನ ಮೇಲೆ ಒಂದಿಷ್ಟು ಪೌಡರು ಬೀಳುತ್ತದೆ. ಪಾರ್ಲರಿನ ಹುಡುಗಿ ಉಂಡೆಯಿಂದ ಹತ್ತಿಯ ದಾರ ಎಳೆದು, ಒಂದು ತುದಿ ಹಲ್ಲಲ್ಲಿ ಕಚ್ಚಿ, ಉಳಿದದ್ದನ್ನು ಎರಡೂ ಕೈ ಬೆರಳುಗಳಿಗೆ ಸುತ್ತಿ ನಡುವೆ ಒಂದು ಹೆಣಿಗೆ ಹಾಕುತ್ತಾಳೆ. ಬೆರಳು ಅಗಲಿಸಿದರೆ ಹೆಣಿಗೆ ಅತ್ತ ಓಡುತ್ತದೆ, ತಲೆ ಹಿಂದೆಳೆದರೆ ಇತ್ತ ಬರುತ್ತದೆ. ಓಡುವ ದಾರಿಯಲ್ಲಿ ಸಿಕ್ಕ ಕೂದಲು ಬುಡಸಮೇತ ಕಿತ್ತು ಬರುತ್ತದೆ. ಕತ್ತರಿ ಇಲ್ಲ, ಕರೆಂಟಿಲ್ಲ, ಮಷೀನಿಲ್ಲ. ಹತ್ತು ಪೈಸೆ ದಾರ, ಎರಡು ಕೈ, ಒಂದು ಬಾಯಿ ಅಷ್ಟೇ. ಶುರು ಮಾಡುವ ಮೊದಲು ಅವಳು ಹೇಳುವುದು ಒಂದೇ ಮಾತು: ‘ಗಟ್ಟಿಯಾಗಿ ಹಿಡ್ಕೊಳ್ಳಿ ಅಕ್ಕಾ.’ ಒಂದು ಕೈಯಿಂದ ಹಣೆ, ಇನ್ನೊಂದರಿಂದ ರೆಪ್ಪೆ ಎಳೆದು ಹಿಡಿಯಬೇಕು. ನನ್ನ ಹಿಂಸೆಗೆ ನಾನೇ ಸಹಾಯಕಿ.

ನನಗೆ ಇನ್ನೊಂದು ಕಷ್ಟವಿದೆ. ದಾರ ಎಡಗಡೆ ಹುಬ್ಬಿಗೆ ತಾಗಿದ ಕೂಡಲೇ ಸೀನು ಬರುತ್ತದೆ. ಬಲಗಡೆ ಏನೂ ಇಲ್ಲ, ಎಡಗಡೆ ಮಾತ್ರ. ಮೊದಲು ಪೌಡರಿನ ಘಾಟು ಅಂದುಕೊಂಡಿದ್ದೆ. ಆಮೇಲೆ ನನ್ನ ಡಾಕ್ಟರ್ ತಮ್ಮ ಹೇಳಿದ, ಹುಬ್ಬಿನ ಸುದ್ದಿಯನ್ನೂ ಮೂಗಿನ ಸುದ್ದಿಯನ್ನೂ ಮಿದುಳಿಗೆ ಮುಟ್ಟಿಸುವುದು ಒಂದೇ ನರದ ಕವಲುಗಳಂತೆ. ಹುಬ್ಬಿನಲ್ಲಿ ಗಲಾಟೆಯಾದರೆ ಮೂಗಿನಲ್ಲಿ ಆಯಿತೆಂದು ಮಿದುಳು ತಪ್ಪು ತಿಳಿದುಬಿಡುತ್ತದೆ. ನಮ್ಮ ವಠಾರದಲ್ಲೂ ಹಾಗೇ ಅಲ್ವಾ? ಒಬ್ಬರ ಮನೆಯಲ್ಲಿ ಪಾತ್ರೆ ಬಿದ್ದರೆ ಪಕ್ಕದ ಮನೆಯವರು ಎದ್ದು ಕೂರುತ್ತಾರೆ.

ಈ ಸೀನಿನಿಂದ ಒಮ್ಮೆ ನನ್ನ ಮಾನ ಹೋಗಿತ್ತು. ಹನ್ನೆರಡು ವರ್ಷದ ಹಿಂದೆ ಸಕಲೇಶಪುರದಲ್ಲಿ ಚಿಕ್ಕಪ್ಪನ ಮಗಳ ಮದುವೆ. ಹಿಂದಿನ ದಿನ ಅವಸರದಲ್ಲಿ ಯಾವುದೋ ಪಾರ್ಲರಿಗೆ ನುಗ್ಗಿದೆ. ಆಗಷ್ಟೇ ಕೆಲಸ ಕಲಿಯುತ್ತಿದ್ದ ಹುಡುಗಿ. ನನಗೆ ಸೀನು ಬರುತ್ತೆ ಅಂತ ಹೇಳಲು ನಾನು ಮರೆತೆ. ದಾರ ಅರ್ಧ ದಾರಿಯಲ್ಲಿದ್ದಾಗ ಸೀನು ಬಂದೇಬಿಟ್ಟಿತು. ನನ್ನ ತಲೆ ಮುಂದೆ, ಅವಳ ದಾರ ಹಿಂದೆ. ಹುಬ್ಬಿನ ನಟ್ಟನಡುವೆ ಒಂದು ಓಣಿ. ಆ ಮಗು ಅಳುವುದೊಂದು ಬಾಕಿ. ದುಡ್ಡು ಬೇಡ ಅಂದಳು, ನಾನೇ ಜಾಸ್ತಿ ಕೊಟ್ಟು ಬಂದೆ. ಆ ಓಣಿಗೆ ಪೆನ್ಸಿಲ್ಲಿನಲ್ಲಿ ಕಪ್ಪು ತುಂಬಿಕೊಂಡು ಮದುವೆಗೆ ಹೋದೆ. ಧಾರೆಯ ಹೊತ್ತಿಗೆ ಹೋಮದ ಹೊಗೆ, ಬೆವರು, ಕಣ್ಣೀರು ಎಲ್ಲ ಸೇರಿ ಕಪ್ಪು ಇಳಿಯತೊಡಗಿತು. ದೊಡ್ಡತ್ತೆ ಊಟದ ಪಂಕ್ತಿಯಲ್ಲಿ ನಾಲ್ಕು ಎಲೆ ಆಚೆಯಿಂದ ಕೂಗಿ ಕೇಳಿದರು: ‘ಏನೇ ಅದು, ಎಡಗಡೆ ಹುಬ್ಬು ಇಲಿ ತಿಂದಂಗದೆ?’

ಹುಬ್ಬಿನ ಕೂದಲು ತಲೆಗೂದಲಿನ ಹಾಗಲ್ಲ. ಕೆಲವು ವಾರ ಬೆಳೆದು ಸಾಕಪ್ಪ ಎಂದು ನಿಂತುಬಿಡುತ್ತದೆ. ಅದಕ್ಕೇ ಯಾರೂ ಹುಬ್ಬಿಗೆ ಜಡೆ ಹಾಕುವ ಪರಿಸ್ಥಿತಿ ಬಂದಿಲ್ಲ. ಆದರೆ ಕಿತ್ತು ಹೋದದ್ದು ಮತ್ತೆ ಬರಲು ಮಾತ್ರ ಸತಾಯಿಸುತ್ತದೆ. ನನ್ನ ಓಣಿ ಮುಚ್ಚಲು ಮೂರು ತಿಂಗಳು ಬೇಕಾಯಿತು. ಆ ಮದುವೆಯ ಆಲ್ಬಮ್ಮಿನಲ್ಲಿ ನಾನು ಎಲ್ಲ ಫೋಟೋದಲ್ಲೂ ಬಲಗಡೆ ಮುಖ ಮಾತ್ರ ತೋರಿಸುತ್ತಿದ್ದೇನೆ. ನೋಡಿದವರು ಏನೋ ಗತ್ತು ಅಂದುಕೊಂಡಿರಬೇಕು.

ನಮ್ಮ ಅಜ್ಜಿಗೆ ಇದೆಲ್ಲ ಗೊತ್ತಿರಲಿಲ್ಲ. ಹರಳೆಣ್ಣೆ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ, ರಾತ್ರಿಯೆಲ್ಲ ಕೂತ ಮಸಿಯನ್ನು ತುಪ್ಪದಲ್ಲಿ ಕಲಸಿ ಕಾಡಿಗೆ ಮಾಡುತ್ತಿದ್ದರು. ತಲೆಗೆ ಸೀಗೆಕಾಯಿ, ಮೈಗೆ ಕಡಲೆಹಿಟ್ಟು, ಕೆನ್ನೆಗೆ ಅರಿಶಿನ. ಅಲ್ಲಿಗೆ ಸಿಂಗಾರ ಮುಗಿಯಿತು. ‘ಆ ಕಾಲದವರೇ ಚೆಂದ’ ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಸೀಗೆಪುಡಿ ಕಣ್ಣಿಗೆ ಬಿದ್ದ ನೋವು ಈ ದಾರದ ನೋವಿಗಿಂತ ಕಮ್ಮಿಯೇನಲ್ಲ. ನಾನು ಭಾನುವಾರದ ಬೆಳಗ್ಗೆ ಬಚ್ಚಲಿನಲ್ಲಿ ಕಿರುಚಿದ್ದು ಇಡೀ ಬೀದಿಗೆ ನೆನಪಿದೆ.

ಹೈಸ್ಕೂಲಿನಲ್ಲಿದ್ದಾಗ ನಾನು ಈ ಸೌಂದರ್ಯದ ವಿರುದ್ಧ ಯುದ್ಧ ಸಾರಿದ್ದೆ. ಅದು 1996. ನವೆಂಬರ್ 23ಕ್ಕೆ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಮಿಸ್ ವರ್ಲ್ಡ್ ಸ್ಪರ್ಧೆ. ಬೇಡ ಎಂದು ದೊಡ್ಡ ಪ್ರತಿಭಟನೆಗಳಾದವು. ಮಹಿಳಾ ಸಂಘಟನೆಗಳು, ರೈತರು, ಸಂಸ್ಕೃತಿ ಕಾಯುವವರು, ಒಬ್ಬರಿಗೊಬ್ಬರು ಆಗದವರೆಲ್ಲ ಒಂದೇ ಕಡೆ. ಈಜುಡುಗೆಯ ಸುತ್ತನ್ನು ಕೊನೆಗೆ ಸೆಶೆಲ್ಸ್ ದ್ವೀಪಕ್ಕೆ ಸಾಗಿಸಿದರು. ಗೆದ್ದದ್ದು ಗ್ರೀಸ್ ದೇಶದ ಐರೀನ್ ಸ್ಕ್ಲಿವಾ. ಆ ತಿಂಗಳು ನಮ್ಮ ಶಾಲೆಯ ಚರ್ಚಾಸ್ಪರ್ಧೆಗೂ ಅದೇ ವಿಷಯ. ನಾನು ವಿರೋಧವಾಗಿ ಮಾತಾಡಿ, ಮೇಜು ಗುದ್ದಿ, ಮೊದಲ ಬಹುಮಾನ ಗೆದ್ದೆ. ಬಹುಮಾನ ಒಂದು ಸ್ಟೀಲ್ ತಟ್ಟೆ. ಮನೆಗೆ ಬರುವ ದಾರಿಯಲ್ಲಿ ಅದರ ಹಿಂಬದಿಯಲ್ಲಿ ನನ್ನ ಮುಖ ಹೇಗೆ ಕಾಣುತ್ತದೆ ಅಂತ ನಾಲ್ಕು ಸಲ ನೋಡಿಕೊಂಡೆ. ಹುಬ್ಬು ಎರಡೂ ಸೇರಿಕೊಂಡು ಒಂದೇ ಗೆರೆಯಾಗಿ ಕಂಡಿತ್ತು. ಅವತ್ತೇ ಮನಸ್ಸಿಗೆ ಹೊಕ್ಕಿತೋ ಏನೋ.

ನಮ್ಮಲ್ಲಿ ಹೆಣ್ಣನ್ನು ಚೆನ್ನಾಗಿದ್ದಾಳೆ ಅನ್ನಲೂ ಹಲವು ದಾರಿ, ಚೆನ್ನಾಗಿಲ್ಲ ಅನ್ನಲೂ ಹಲವು ದಾರಿ. ‘ಲಕ್ಷಣವಾಗಿದ್ದಾಳೆ’ ಎಂದರೆ ಬಣ್ಣದ ಬಗ್ಗೆ ಕೇಳಬೇಡಿ ಅಂತ ಅರ್ಥ. ‘ಕಪ್ಪಾದರೂ ಕಳೆಯಿದೆ’ ಅನ್ನುವಾಗ ಆ ‘ಆದರೂ’ ಒಂದು ಸೂಜಿಯ ಹಾಗೆ. ಬಣ್ಣಗಳಿಗೆ ಎಷ್ಟು ಸೊಗಸಾದ ಹೆಸರಿಟ್ಟಿದ್ದಾರೆ ನೋಡಿ: ಗೋಧಿ ಬಣ್ಣ, ಎಣ್ಣೆಗೆಂಪು, ಸಾದಗಪ್ಪು. ಎಣ್ಣೆಗೆಂಪು ಅಂದ ಕೂಡಲೇ ನನಗೆ ದೀಪದ ಬೆಳಕಿನಲ್ಲಿ ಕಂಡ ಮುಖವೇ ಕಣ್ಮುಂದೆ ಬರುತ್ತದೆ. ಇಂಥ ಹೆಸರಿಟ್ಟವರೇ ಹೆಣ್ಣು ನೋಡಿ ಬಂದು ‘ಬಣ್ಣ ಸ್ವಲ್ಪ ಕಮ್ಮಿ’ ಅನ್ನುತ್ತಾರೆ. ಕಪ್ಪು ಬಣ್ಣವೇ ಅಲ್ಲವೇನೋ, ಬರೀ ಬಣ್ಣದ ಕೊರತೆ ಅನ್ನುವ ಹಾಗೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಈ ಕೊರತೆ ತುಂಬುತ್ತೇನೆ ಎಂದೇ ಮನೆಮನೆ ಹೊಕ್ಕಿತು. 2020ರಲ್ಲಿ ಹೆಸರು ಗ್ಲೋ ಅಂಡ್ ಲವ್ಲಿ ಎಂದಾಯಿತು. ನಮ್ಮ ಬೀದಿಯ ಅಂಗಡಿಯಲ್ಲಿ ಇವತ್ತಿಗೂ ಹಳೇ ಹೆಸರಲ್ಲೇ ಕೇಳುತ್ತಾರೆ, ಅಂಗಡಿಯವನೂ ತಡವರಿಸದೆ ಕೊಡುತ್ತಾನೆ.

ಒಂದು ಸಲ ನನ್ನ ಸರದಿಗೆ ಕಾಯುತ್ತಾ ಕೂತಿದ್ದೆ. ತಾಯಿಯೊಬ್ಬರು ಮಗಳನ್ನು ಕರೆತಂದಿದ್ದರು. ಮಾರನೇ ದಿನ ಗಂಡಿನ ಕಡೆಯವರು ಬರುವವರಿದ್ದರು. ‘ಬ್ಲೀಚ್ ಹಾಕಿ ಸ್ವಲ್ಪ ಬಣ್ಣ ಬರೋ ಥರ ಮಾಡಮ್ಮ’ ಅಂದರು. ‘ಬ್ಲೀಚ್ ಹಾಕಿದ್ರೆ ಮುಖದ ಸಣ್ಣ ಕೂದ್ಲು ಬೆಳ್ಳಗಾಗುತ್ತೆ ಆಂಟಿ, ಚರ್ಮ ಅದೇ ಇರುತ್ತೆ’ ಅಂದಳು ನಮ್ಮ ಪಾರ್ಲರ್ ಹುಡುಗಿ. ‘ಪರವಾಗಿಲ್ಲ, ಹಾಕು.’ ಆ ಮಗಳು ಕಣ್ಣ ಮೇಲೆ ಒದ್ದೆ ಹತ್ತಿ ಇಟ್ಟುಕೊಂಡು ಮಲಗಿದ್ದಳು. ಒಂದು ಮಾತಾಡಲಿಲ್ಲ. ಕಾಲಿನ ಹೆಬ್ಬೆರಳು ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು. ಅವರು ಹೋದ ಮೇಲೆ ‘ಬೇಡ ಅನ್ನಬಹುದಿತ್ತಲ್ಲ?’ ಅಂತ ಕೇಳಿದೆ. ‘ನಾನು ಬೇಡ ಅಂದ್ರೆ ಮುಂದಿನ ಬೀದಿಗೆ ಹೋಗ್ತಾರೆ ಅಕ್ಕಾ. ಅಲ್ಲಿ ಜಾಸ್ತಿ ಹೊತ್ತು ಇಟ್ಟು ಮುಖ ಉರಿಸ್ತಾರೆ’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ಈ ಪ್ರಶ್ನೆ ಬಂದಿದ್ದರೆ ಆ ತಟ್ಟೆ ನನಗೆ ಸಿಗುತ್ತಿರಲಿಲ್ಲ.

ಅವಳು ಕೆಲಸ ಕಲಿತದ್ದು ರುಡ್‌ಸೆಟ್ಟಿನಲ್ಲಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸಂಸ್ಥೆ ಅದು. ಊಟ ವಸತಿ ಕೊಟ್ಟು ಹಳ್ಳಿ ಮಕ್ಕಳಿಗೆ ಸ್ವಂತ ಉದ್ಯೋಗ ಕಲಿಸುತ್ತಾರೆ. ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿ, ಅದರ ಜೊತೆಗೆ ಬ್ಯೂಟಿ ಪಾರ್ಲರ್. ದಾರ ಹಿಡಿಯುವುದನ್ನು ಮೊದಲು ತಂತಮ್ಮ ಮೊಣಕಾಲ ಕೆಳಗಿನ ಕೂದಲಿನ ಮೇಲೆ ಕಲಿಯುತ್ತಾರಂತೆ. ‘ವಾರ ಕಳೆಯೋಷ್ಟರಲ್ಲಿ ನಮ್ಮ ಬ್ಯಾಚಲ್ಲಿ ಯಾರ ಕಾಲಲ್ಲೂ ಕೂದ್ಲೇ ಇರ್ಲಿಲ್ಲ ಅಕ್ಕಾ, ಆಮೇಲೆ ಅಡುಗೆಯವರನ್ನ ಕೇಳೋಕ್ ಶುರು ಮಾಡಿದ್ವಿ’ ಅಂತ ನಕ್ಕಳು. ಸಂಘದಲ್ಲಿ ಸಾಲ ತೆಗೆದು ಒಂದು ಕುರ್ಚಿ, ಒಂದು ಕನ್ನಡಿ ಹಾಕಿ ಶುರು ಮಾಡಿದಳು. ಅವಳ ತೋರುಬೆರಳಿನ ಗೆಣ್ಣಿನ ಹತ್ತಿರ ದಾರ ಕೊರೆದ ಗೆರೆಗಳಿವೆ. ಹಳೇ ಬಾವಿಯ ಕಲ್ಲಿನ ಮೇಲೆ ಹಗ್ಗದ ಗುರುತು ಇರುತ್ತದಲ್ಲ, ಹಾಗೆ. ಇಡೀ ದಿನ ಬಗ್ಗಿ ಬಗ್ಗಿ ಕುತ್ತಿಗೆ ನೋವು. ಮದುವೆ ಸೀಸನ್ನಿನಲ್ಲಿ ಮದುಮಗಳನ್ನು ಸಿಂಗರಿಸಲು ಬೆಳಗಿನ ಜಾವ ಮೂರಕ್ಕೆ ಎದ್ದು ಹೊರಡಬೇಕು. ಎಲ್ಲರ ಮದುವೆಗೂ ಮೊದಲು ತಲುಪುವವಳು ಅವಳೇ, ಊಟಕ್ಕೆ ಮಾತ್ರ ನಿಲ್ಲಲು ಪುರುಸೊತ್ತಿಲ್ಲ.

2020ರಲ್ಲಿ ಲಾಕ್‌ಡೌನ್ ಬಂದು ಪಾರ್ಲರಿಗೆ ಬೀಗ ಬಿತ್ತು. ನಮ್ಮ ಹುಬ್ಬುಗಳೆಲ್ಲ ಹಿತ್ತಿಲ ಬೇಲಿಯಾದವು. ಮಾಸ್ಕ್ ಹಾಕಿಕೊಂಡ ಮೇಲೆ ಮುಖದಲ್ಲಿ ಕಾಣುವುದು ಆ ಬೇಲಿಯೊಂದೇ! ಅವಳು ಆಗ ಅಮ್ಮನ ಹೊಲಿಗೆ ಮಷೀನು ಈಚೆ ತೆಗೆದು ಮಾಸ್ಕ್ ಹೊಲಿದು ಮಾರಿದಳು. ಕೊನೆಗೆ ಬಾಗಿಲು ತೆರೆದಾಗ ಅವಳ ಬಾಯಿಗೂ ಮಾಸ್ಕ್. ದಾರ ಕಚ್ಚುವುದು ಹೇಗೆ? ಕುತ್ತಿಗೆಗೆ ಕಟ್ಟಿಕೊಂಡು ಎಳೆಯುವುದನ್ನು ಅಭ್ಯಾಸ ಮಾಡಿಕೊಂಡಳು. ನಮಗೆ ಅದರಿಂದ ಒಂದು ಲಾಭವಾಯಿತು. ಬಾಯಲ್ಲಿ ದಾರ ಇದ್ದಾಗ ಅವಳು ‘ಹ್ಞೂಂ’ ಬಿಟ್ಟು ಬೇರೇನೂ ಹೇಳುವಂತಿರಲಿಲ್ಲ. ಈಗ ಊರಿನ ಸುದ್ದಿಯೆಲ್ಲ ನಡುವೆ ನಿಲ್ಲದೆ ಬರತೊಡಗಿತು. ಕೊರೋನಾ ಹೋದ ಮೇಲೆ ಮತ್ತೆ ಹಲ್ಲಿಗೇ ಬಂದಳು. ಹಲ್ಲಿನಷ್ಟು ಹಿಡಿತ ಕುತ್ತಿಗೆಗೆ ಇಲ್ಲವಂತೆ.

ಇಷ್ಟೆಲ್ಲ ಯಾಕೆ ಬೇಕು ನಿಂಗೆ ಅಂತ ನನ್ನ ಮಗಳು ಕೇಳುತ್ತಾಳೆ. ಅವಳ ಕಾಲೇಜಿನಲ್ಲಿ ಈಗ ದಪ್ಪ ಹುಬ್ಬಿನ ಕಾಲ. ನನ್ನ ಕಾಲದಲ್ಲಿ ಹುಬ್ಬು ಪೆನ್ಸಿಲ್ ಗೆರೆಯ ಹಾಗೆ ಇರಬೇಕಿತ್ತು. ನಾವು ಕಿತ್ತು ಕಿತ್ತು ಸಣ್ಣ ಮಾಡಿಕೊಂಡದ್ದನ್ನು ಇವರು ಬ್ರಷ್ ಹಾಕಿ ದಪ್ಪ ಮಾಡಿಕೊಳ್ಳುತ್ತಾರೆ. ನನ್ನ ಗಂಡನಿಗಂತೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಮೊನ್ನೆ ಪಾರ್ಲರಿನಿಂದ ಬಂದು ಎದುರಿಗೆ ನಿಂತು ‘ಏನಾದ್ರೂ ಬೇರೆ ಥರ ಕಾಣ್ತಿದೀನಾ?’ ಅಂತ ಕೇಳಿದೆ. ಸುಮಾರು ಹೊತ್ತು ನೋಡಿ, ‘ಹೊಸ ಸೀರೆನಾ?’ ಅಂದರು. ನಾಲ್ಕು ವರ್ಷದ ಹಳೇ ಚೂಡಿದಾರ್ ಹಾಕಿದ್ದೆ.

ಅವರದ್ದೂ ಪೂರ್ತಿ ತಪ್ಪಲ್ಲ. ನನ್ನ ಕನ್ನಡಕದ್ದು ಅಗಲ ಚೌಕದ ಕಪ್ಪು ಫ್ರೇಮು. ಅದರ ಮೇಲಂಚು ಸರಿಯಾಗಿ ಹುಬ್ಬಿನ ಮೇಲೆಯೇ ಕೂರುತ್ತದೆ. ಅಂದರೆ ನಾನು ತಿಂಗಳು ತಿಂಗಳು ಐವತ್ತು ರೂಪಾಯಿ ಕೊಟ್ಟು, ಕಣ್ಣೀರು ಹಾಕಿ, ಸೀನಿ, ಶೇಪ್ ಮಾಡಿಸುವ ಜಾಗ ಯಾರಿಗೂ ಕಾಣುವುದಿಲ್ಲ. ನನಗೂ ಕಾಣುವುದಿಲ್ಲ. ಕೆಲಸ ಮುಗಿದ ಮೇಲೆ ಅವಳು ಪೌಡರು ಒರೆಸಿ, ತಣ್ಣನೆಯ ಜೆಲ್ ಸವರಿ, ಕೈಗನ್ನಡಿ ಹಿಡಿದು ‘ಸಾಕಾ ಅಕ್ಕಾ?’ ಅನ್ನುತ್ತಾಳೆ. ಕನ್ನಡಕ ಮಡಿಲಲ್ಲಿರುತ್ತದೆ. ಕನ್ನಡಿಯಲ್ಲಿ ಬೆಳ್ಳಗಿನ ಒಂದು ಮೋಡ, ಅದರಲ್ಲಿ ಎರಡು ಕಪ್ಪು ಗೀಟು. ‘ತುಂಬಾ ಚೆನ್ನಾಗಿದೆ’ ಅನ್ನುತ್ತೇನೆ. ಹತ್ತು ವರ್ಷದಿಂದ ಹೀಗೇ ಅನ್ನುತ್ತಾ ಬಂದಿದ್ದೇನೆ.

ಹೋದ ವಾರ ಯಾಕೋ ಇದನ್ನು ಅವಳಿಗೆ ಹೇಳಿಬಿಟ್ಟೆ. ನನಗೇನೂ ಕಾಣಲ್ಲ ಕಣೇ, ಸುಮ್ನೆ ಚೆನ್ನಾಗಿದೆ ಅಂತೀನಿ ಅಂದೆ. ಅವಳು ದಾರ ಉಂಡೆಗೆ ಸುತ್ತುತ್ತಿದ್ದವಳು ಕೈ ನಿಲ್ಲಿಸಿದಳು. ನನ್ನ ಮಡಿಲಿನಿಂದ ಕನ್ನಡಕ ತೆಗೆದು, ಚೂಡಿದಾರ್ ವೇಲಿನಲ್ಲಿ ಗಾಜು ಒರೆಸಿ, ನನ್ನ ಮೂಗಿನ ಮೇಲೆ ಅವಳೇ ಇಟ್ಟಳು. ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದಳು.

‘ಮುಂದಿನ ಸಲ ಸಣ್ಣ ಫ್ರೇಮ್ ತಗೊಳ್ಳಿ ಅಕ್ಕಾ’ ಅಂದಳು. ‘ನನ್ ಕೆಲಸ ಮುಚ್ಚೋಗುತ್ತೆ.’