ಹಾಡು ಅಳುವಾಗ ತಂತಿ ನಗಬಾರದು

ಹೋದ ವಾರ ಕೊಪ್ಪಳದಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಮೂರು ವರ್ಷದಿಂದ ಡೋಬ್ರೋ ನುಡಿಸುತ್ತಿದ್ದಾನಂತೆ. ಈಗ ಒಂದು ಲ್ಯಾಪ್ ಸ್ಟೀಲ್ ಗಿಟಾರ್ ತಗೊಂಡಿದ್ದಾನೆ. "ಅಣ್ಣಾ, ಇದಕ್ಕ ಯಾವ ಟ್ಯೂನಿಂಗ್ ಇಡ್ಲಿ? ನೆಟ್‌ನ್ಯಾಗ ಎಲ್ಲಾರೂ ಸಿ ಸಿಕ್ಸ್ತ್ ಇಡು ಅಂತಾರ" ಅಂದ. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಮಾತು ಅರ್ಧಕ್ಕೇ ನಿಂತಿತು. ರಾತ್ರಿಯೆಲ್ಲ ಅದೇ ತಲೆಯಲ್ಲಿ ಓಡುತ್ತಿತ್ತು. ಇದೇ ಪ್ರಶ್ನೆ ಇಟ್ಟುಕೊಂಡು ನಾನು ಎರಡು ವರ್ಷ ಒದ್ದಾಡಿದ್ದೇನೆ. ಅವನಿಗೆ ಅಷ್ಟು ದಿನ ಹಿಡಿಯಬಾರದು.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ವಚನ, ತತ್ವಪದ, ಭಜನೆ ನುಡಿಸಬೇಕು ಅಂತಿದ್ದರೆ, ಡೋಬ್ರೋಗೆ ಪಳಗಿದ ಕೈಗೆ ಸಿ ಸಿಕ್ಸ್ತ್ ಬೇಡ. ಓಪನ್ ಡಿ ಇಡು. ಬಿಟ್ಟ ತಂತಿಗಳನ್ನು ಯಾವ ಯಾವ ಸ್ವರಕ್ಕೆ ಕೂಡಿಸಬೇಕು ಅನ್ನೋ ಜೋಡಣೆಗಳ ಹೆಸರು ಇವು; ಸಿ, ಡಿ ಅನ್ನೋದು ಇಂಗ್ಲಿಷ್ ಪದ್ಧತಿಯ ಸ್ವರದ ಹೆಸರು. ಯಾಕೆ ಅನ್ನೋದು ಸ್ವಲ್ಪ ಉದ್ದದ ಕಥೆ.

ಈ ವಾದ್ಯಗಳನ್ನು ನೋಡಿರದವರಿಗೆ ನಾಲ್ಕು ಮಾತು. ಎರಡನ್ನೂ ತೊಡೆಯ ಮೇಲೆ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ಬಾರ್ ಹಿಡಿದು ತಂತಿ ಮೇಲೆ ಜಾರಿಸುತ್ತಾ ನುಡಿಸುತ್ತಾರೆ. ನಮ್ಮ ಗೋಟುವಾದ್ಯ, ವಿಚಿತ್ರವೀಣೆ ಕೂಡ ಹೀಗೇ ಅಲ್ವಾ. ಗಿಟಾರಿನಲ್ಲಿ ಇದು 19ನೇ ಶತಮಾನದ ಕೊನೆಗೆ ಹವಾಯಿಯಲ್ಲಿ ಶುರುವಾಯಿತು, ಜೋಸೆಫ್ ಕೆಕುಕು ಅವರ ಹೆಸರು ಹೇಳುತ್ತಾರೆ. ಮುಂದೆ ಅಮೆರಿಕದ ಬ್ಯಾಂಡುಗಳ ಗದ್ದಲದಲ್ಲಿ ಗಿಟಾರಿನ ದನಿ ಕೇಳದೆ ಹೋಗುತ್ತಿತ್ತು. ಸ್ಲೊವಾಕ್ ಮೂಲದ ಜಾನ್ ಡೋಪ್ಯೆರಾ ಅದರ ಹೊಟ್ಟೆಯೊಳಗೆ ಅಲ್ಯೂಮಿನಿಯಂ ಬಟ್ಟಲು ಕೂರಿಸಿ ದನಿ ದೊಡ್ಡದು ಮಾಡಿದರು. 1928ರಲ್ಲಿ ಅಣ್ಣತಮ್ಮಂದಿರು ಸೇರಿ ಕಂಪನಿ ತೆಗೆದು, ಡೋಪ್ಯೆರಾ ಬ್ರದರ್ಸ್ ಅನ್ನೋದನ್ನೇ ಚಿಕ್ಕದು ಮಾಡಿ ಡೋಬ್ರೋ ಅಂತಿಟ್ಟರು. ಅವರ ಭಾಷೆಯಲ್ಲಿ ಡೋಬ್ರೋ ಅಂದರೆ ಒಳ್ಳೆಯದು ಅಂತ. ನಾಲ್ಕೇ ವರ್ಷಕ್ಕೆ, 1932ರಲ್ಲಿ, ರಿಕನ್‌ಬ್ಯಾಕರ್‌ನವರ ಕರೆಂಟಿನ ಲ್ಯಾಪ್ ಸ್ಟೀಲ್ ಬಂತು. ದುಂಡು ಮೈ, ಉದ್ದ ಹಿಡಿಕೆ, ಥೇಟ್ ಬಾಣಲೆ. ಜನ ಅದನ್ನು ಫ್ರೈಯಿಂಗ್ ಪ್ಯಾನ್ ಅಂತಲೇ ಕರೆದರು.

ನಾನು ಗಂಗಾವತಿಯವನು. ಮೋಟಾರ್ ವೈಂಡಿಂಗ್ ಅಂಗಡಿ ನನ್ನದು. ಭತ್ತದ ಗದ್ದೆಯ ಪಂಪ್‌ಸೆಟ್ಟು, ರೈಸ್ ಮಿಲ್ಲಿನ ಮೋಟಾರು, ಇವೇ ದಿನದ ಕೆಲಸ. 2012ರಲ್ಲಿ ಹಂಪಿ ಎದುರಿನ ವಿರೂಪಾಪುರ ಗಡ್ಡೆಯ ಒಂದು ಗೆಸ್ಟ್‌ಹೌಸಿನಲ್ಲಿ ಪಂಪ್ ಸುಟ್ಟಿತ್ತು, ರಿಪೇರಿಗೆ ಹೋಗಿದ್ದೆ. ಅಲ್ಲಿ ಒಬ್ಬ ವಿದೇಶಿ ಹಿರಿಯರು ಮರದ ಕೆಳಗೆ ಕೂತು ಡೋಬ್ರೋ ನುಡಿಸುತ್ತಿದ್ದರು. ಪಂಪ್ ಬಿಚ್ಚುವುದು ಬಿಟ್ಟು ಅರ್ಧ ಗಂಟೆ ನಿಂತೇ ಕೇಳಿದೆ. ಆಮೇಲೆ ದಿನಾ ಸಂಜೆ ಹೋದೆ. ಊರಿಗೆ ಹೊರಡುವ ಮುಂಚೆ ಅದನ್ನು ನನಗೇ ಕೊಟ್ಟು ಹೋದರು, ನಾನು ಕೊಡಬಲ್ಲಷ್ಟು ದುಡ್ಡಿಗೆ. 2020ರಲ್ಲಿ ಗಡ್ಡೆಯ ಮೇಲಿನ ಆ ರೆಸಾರ್ಟುಗಳೆಲ್ಲ ನೆಲಸಮವಾದವು. ಡೋಬ್ರೋ ಮಾತ್ರ ನಮ್ಮ ಮನೆಯಲ್ಲಿದೆ.

ಅವರು ಕಲಿಸಿದ್ದು ಡೋಬ್ರೋದವರೆಲ್ಲ ಇಡುವ ಓಪನ್ ಜಿ. ದಪ್ಪ ತಂತಿಯಿಂದ ಸಣ್ಣ ತಂತಿಗೆ ಜಿ ಬಿ ಡಿ ಜಿ ಬಿ ಡಿ. ನಮ್ಮ ಲೆಕ್ಕದಲ್ಲಿ ಸ ಗ ಪ, ಸ ಗ ಪ. ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗೆ. ಈ ಜೋಡಣೆಯಲ್ಲಿ ಬೆರಳು ಓಡುತ್ತದೆ. ಅಮೆರಿಕದ ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ತಂಡಕ್ಕೆ 1955ರಲ್ಲಿ ಸೇರಿದ ಜಾಶ್ ಗ್ರೇವ್ಸ್ ಬ್ಯಾಂಜೋದ ಮೂರು ಬೆರಳಿನ ಓಟವನ್ನು ಡೋಬ್ರೋಗೆ ತಂದರಲ್ಲ, ಆ ಕೈಗೆ ಇದಕ್ಕಿಂತ ಒಳ್ಳೆಯ ಶ್ರುತಿ ಇಲ್ಲ.

2019ರಲ್ಲಿ ಲ್ಯಾಪ್ ಸ್ಟೀಲ್ ತಗೊಂಡಾಗ ಅದಕ್ಕೂ ಇದನ್ನೇ ಇಟ್ಟೆ. ಕೈಗೆ ಗೊತ್ತಿರುವ ದಾರಿ, ಸುಲಭ ಅಂತ. ಆದರೆ ತಂತಿ ಸಡಿಲ. ಬಾರ್ ಇಟ್ಟರೆ ಒಳಕ್ಕೆ ಕುಸಿಯುತ್ತೆ, ಸ್ವರ ಅಲುಗುತ್ತೆ. ಕೈ ಕೆಟ್ಟಿತಾ ಅಂತ ವಾರಗಟ್ಟಲೆ ಚಿಂತೆ ಮಾಡಿದೆ. ಕೊನೆಗೆ ಟೇಪ್ ಹಿಡಿದು ಅಳೆದೆ. ಡೋಬ್ರೋದಲ್ಲಿ ತಂತಿ ಮಿಡಿಯುವ ಉದ್ದ 25 ಇಂಚು. ಲ್ಯಾಪ್ ಸ್ಟೀಲಿನಲ್ಲಿ 22.5. ಅದೇ ತಂತಿ, ಅದೇ ಸ್ವರ ಅಂದರೆ ಬಿಗಿ ಉದ್ದದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 0.9 ಗುಣಿಸು 0.9, ಅಂದರೆ 0.81. ನೂರಕ್ಕೆ ಹತ್ತೊಂಬತ್ತು ಪಾಲು ಬಿಗಿ ಹೋಯಿತು. ಕೈಯ ತಪ್ಪಲ್ಲ, ಲೆಕ್ಕ.

ಪರಿಹಾರವೂ ಅದೇ ಲೆಕ್ಕದಲ್ಲಿದೆ. ಎಲ್ಲ ತಂತಿಯನ್ನೂ ಎರಡು ಮನೆ (ಒಂದು ಮನೆ ಅಂದರೆ ಅರ್ಧ ಸ್ವರ) ಮೇಲಕ್ಕೆ ಏರಿಸಿದರೆ ಬಿಗಿ 1.26 ಪಟ್ಟು ಆಗುತ್ತೆ. 0.81 ಗುಣಿಸು 1.26, ಹೆಚ್ಚುಕಮ್ಮಿ ಒಂದು. ಅಂದರೆ ಡೋಬ್ರೋದ ತಂತಿಗಳನ್ನೇ ಹಾಕಿ ಜಿ ಬದಲು ಎ ಇಟ್ಟರೆ ಕೈಗೆ ಹಳೆಯ ಬಿಗಿಯೇ ಸಿಗುತ್ತದೆ. ಹವಾಯಿ ಪದ್ಧತಿಯವರು ಎ ಸಿಶಾರ್ಪ್ ಇ, ಎ ಸಿಶಾರ್ಪ್ ಇ (ಶಾರ್ಪ್ ಅಂದರೆ ಒಂದು ಮನೆ ಮೇಲೆ) ಅಂತ ಇಟ್ಟುಕೊಂಡಿದ್ದು ಇದೇ ಜೋಡಣೆ, ಎರಡು ಮನೆ ಮೇಲೆ. ಕೊಪ್ಪಳದ ತಮ್ಮನಿಗೆ ಮೊದಲ ಒಂದೆರಡು ತಿಂಗಳು ನಾನು ಹೇಳುವುದು ಇದನ್ನೇ. ಕಲಿತದ್ದೆಲ್ಲ ಹಾಗೇ ನಡೆಯುತ್ತೆ. ಆ ಹೊತ್ತಿನಲ್ಲಿ ಕರೆಂಟಿನ ವಾದ್ಯದ ಬೇರೆ ಪಾಠ ಕಲಿ. ಇಲ್ಲಿ ಸ್ವರ ಬೇಗ ಸಾಯುವುದಿಲ್ಲ. ಮೀಟಿದ ತಂತಿಯನ್ನು ಅಂಗೈ ಅಂಚಿನಿಂದ ಮುಚ್ಚಲು ಬರದಿದ್ದರೆ ಎಲ್ಲ ಸ್ವರ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ನಾನೂ ಅಲ್ಲಿಗೇ ನಿಲ್ಲುತ್ತಿದ್ದೆನೇನೋ. ಒಂದು ಅಮಾವಾಸ್ಯೆ ಭಜನೆ ನನ್ನನ್ನು ಅಲ್ಲಾಡಿಸಿತು.

ನಮ್ಮ ಓಣಿಯ ಗುಡಿಯಲ್ಲಿ ಅಮಾವಾಸ್ಯೆಗೆ ರಾತ್ರಿಯಿಡೀ ಭಜನೆ. ಹಾರ್ಮೋನಿಯಂ ಹಿಡಿಯುವ ಮಾಸ್ತರಿಗೆ ಎಪ್ಪತ್ತು ದಾಟಿದೆ. ಹಿಂದೆ ನಾಟಕ ಕಂಪನಿಯಲ್ಲಿ ನುಡಿಸಿದವರು. ಬೆಳಗಿನ ಜಾವ ಭೈರವಿಯಲ್ಲಿ ಒಂದು ವಚನ ಎತ್ತಿದರು. ನಾನು ಹಿಂದೆ ಹಿಂದೆ ಜಾರಿಸುತ್ತಾ ಹೋದೆ. ಸಾಲು ಮುಗಿದಾಗ, ಡೋಬ್ರೋದ ಅಭ್ಯಾಸ ನೋಡಿ, ಷಡ್ಜದ, ಅಂದರೆ ಸ ಸ್ವರದ, ಮನೆ ಮೇಲೆ ಬಾರ್ ಇಟ್ಟು ಎಲ್ಲ ತಂತಿ ಒಟ್ಟಿಗೆ ಮೀಟಿದೆ. ಮಾಸ್ತರು ಹಾರ್ಮೋನಿಯಂ ನಿಲ್ಲಿಸಿದರು.

"ತಮ್ಮಾ, ಹಾಡು ಅಳಾಕತ್ತೈತಿ, ನಿನ್ನ ತಂತಿ ನಗಾಕತ್ತೈತಿ" ಅಂದರು.

"ಸ್ವರಾ ತಪ್ಪ್ಯಾವೇನ್ರಿ ಮಾಸ್ತರ?" ಅಂದೆ.

"ನೀ ಬಾರಸೂದು ತಪ್ಪಿಲ್ಲ. ನೀ ಕೂಡಿಸಿದ್ದು ತಪ್ಪೈತಿ."

ಭೈರವಿಗೆ ಬೇಕಾದ್ದು ಕೋಮಲ ಗಾಂಧಾರ, ಶುದ್ಧ ಗಾಂಧಾರಕ್ಕಿಂತ ಅರ್ಧ ಸ್ವರ ಕೆಳಗಿನ ಗ. ನನ್ನ ಆರು ತಂತಿಯಲ್ಲಿ ಎರಡು ತಂತಿ ಶುದ್ಧ ಗಾಂಧಾರ. ಒಂದೊಂದೇ ತಂತಿ ಮೀಟುವಾಗ ಬಾರ್ ಸರಿಸಿ ಸರಿ ಮಾಡಿಕೊಳ್ಳುತ್ತಿದ್ದೆ. ಒಟ್ಟಿಗೆ ಮೀಟಿದರೆ ಗುಟ್ಟು ಹೊರಗೆ. ಹಳ್ಳಿಗಾಡಿನ ಇಂಗ್ಲಿಷ್ ಹಾಡಿಗೆ ಆ ನಗು ಚೆಂದ. ಬೆಳಗಿನ ಜಾವದ ಭೈರವಿಗೆ ಅಲ್ಲ.

ಆಗ ನಾನು ಹೋದದ್ದು ಸಿ ಸಿಕ್ಸ್ತ್ ಕಡೆಗೆ. ಇದಕ್ಕೆ ಬೆಲೆ ಕೊಟ್ಟೇ ಮಾತಾಡಬೇಕು, ಯಾಕೆಂದರೆ ಇದು ಬಹಳ ಬುದ್ಧಿವಂತ ಜೋಡಣೆ. ಜೆರ್ರಿ ಬರ್ಡ್ ಅವರಂಥ ದೊಡ್ಡ ವಾದಕರು ಇದನ್ನು ಬೆಳೆಸಿದರು. ಸಿ ಇ ಜಿ ಎ ಸಿ ಇ, ಅಂದರೆ ಸ ಗ ಪ ಧ ಸ ಗ. ಸಿ ಸ್ವರವನ್ನು ಷಡ್ಜ ಅಂದುಕೊಂಡರೆ ಶುದ್ಧ ಗಾಂಧಾರ ಸಿಗುತ್ತೆ. ಅದೇ ತಂತಿಗಳಲ್ಲಿ ಎ ಸ್ವರವನ್ನು ಷಡ್ಜ ಅಂದುಕೊಂಡರೆ ಕೋಮಲ ಗಾಂಧಾರ ಸಿಗುತ್ತೆ. ಬಿರಡೆ ಮುಟ್ಟದೆ ನಗುವೂ ಬಂತು, ಅಳುವೂ ಬಂತು. ಆರ್ಕೆಸ್ಟ್ರಾದಲ್ಲಿ ಹಳೆಯ ಸಿನಿಮಾ ಹಾಡಿಗೆ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಕೊಡಬೇಕಾದವರು, ಹವಾಯಿ ಶೈಲಿ ಕಲಿಯಬೇಕಾದವರು ಕಣ್ಣು ಮುಚ್ಚಿ ಇದನ್ನೇ ಇಡಲಿ.

ಆರು ತಿಂಗಳು ಬೆಳಿಗ್ಗೆ ಸಂಜೆ ಕೂತೆ. ನನಗೆ ಎರಡು ತೊಂದರೆ ಕಂಡವು. ಒಂದು, ಡೋಬ್ರೋ ಕೈಗೆ ಷಡ್ಜ ಮೂರನೇ ತಂತಿಯಲ್ಲಿ (ಎಣಿಕೆ ಸಣ್ಣ ತಂತಿಯಿಂದ), ಪಂಚಮ ಮೊದಲನೇ ತಂತಿಯಲ್ಲಿ. ಸಿ ಸಿಕ್ಸ್ತಿನಲ್ಲಿ ಷಡ್ಜ ಎರಡಕ್ಕೆ ಬಂತು, ಮೊದಲನೇದು ಗಾಂಧಾರ ಆಯಿತು. ಕಲಿತ ಓಟವೆಲ್ಲ ಕಲಸಿಹೋಯಿತು. ಇದು ಸಾಧನೆಯಿಂದ ಸರಿಹೋಗುವ ವಿಷಯ, ದೊಡ್ಡದಲ್ಲ. ಎರಡನೆಯದು ದೊಡ್ಡದು. ಭೈರವಿಗೆ ಎ ಸ್ವರವನ್ನು ಷಡ್ಜ ಮಾಡಿಕೊಂಡರೆ ಅದು ಸಿಗುವುದು ಒಂದೇ ಒಂದು ತಂತಿಯಲ್ಲಿ, ಅದೂ ನಡುವೆ. ಕೆಳಗೆ ಮಂದ್ರ ಷಡ್ಜ ಇಲ್ಲ. ಹಾಡುವವರ ಬೆನ್ನಿಗೆ ನಿಲ್ಲುವ ಸ-ಪ ಇಲ್ಲ. ತಂಬೂರಿ ಕೇಳಿ ಬೆಳೆದ ಕಿವಿಗೆ ಅದು ಬುನಾದಿ ಇಲ್ಲದ ಗೋಡೆ. ನಮ್ಮಲ್ಲಿ ಕಾರ್ಡ್ ಬದಲಾಗುವುದಿಲ್ಲ, ಷಡ್ಜ ಅಲುಗುವುದಿಲ್ಲ. ಅಲುಗದ ಷಡ್ಜಕ್ಕೆ ತಕ್ಕ ಶ್ರುತಿ ಬೇಕಿತ್ತು.

ಹಾಗೆ ಬಂದದ್ದು ಓಪನ್ ಡಿ. ಡಿ ಎ ಡಿ ಎಫ್‌ಶಾರ್ಪ್ ಎ ಡಿ. ಬಾಯಿಬಿಟ್ಟು ಹೇಳಿ ನೋಡಿ: ಸ ಪ ಸ, ಗ ಪ ಸ. ಕೆಳಗಿನ ಮೂರು ತಂತಿ ತಂಬೂರಿ. ಮೊದಲನೇ ತಂತಿ ಮತ್ತೆ ಷಡ್ಜ, ಆಲಾಪಕ್ಕೆ ಒಂದೇ ತಂತಿಯಲ್ಲಿ ಕೆಳಗಿಂದ ಮೇಲಿನವರೆಗೆ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರು, ಎಳೆಯಬಹುದು. ಗಾಂಧಾರ ಇರುವುದು ಒಂದೇ ತಂತಿಯಲ್ಲಿ. ಭೈರವಿ ಬಂತಾ, ಮೂರನೇ ಬಿರಡೆ ಅರ್ಧ ಸ್ವರ ಇಳಿಸು, ಮುಗಿಯಿತು. ಇನ್ನೊಂದು ಪದಕ್ಕೆ ತಬಲಾದವರು ಸುತ್ತಿಗೆ ತಟ್ಟುವಷ್ಟರಲ್ಲಿ ಮತ್ತೆ ಏರಿಸು. ಮಾಲ್ಕೌಂಸ್ ರಾಗಕ್ಕೆ ಪಂಚಮವೇ ಇಲ್ಲ, ಆಗ ಎರಡು ಎ ತಂತಿಗಳನ್ನೂ ಮಧ್ಯಮಕ್ಕೆ ಇಳಿಸುತ್ತೇನೆ, ತಂಬೂರಿಯವರು ಮಾಡುವ ಹಾಗೇ. ನಮ್ಮ ಮಾಸ್ತರು ಹಾಡುವುದು ಬಿಳಿ ಎರಡರಲ್ಲಿ, ಹಾರ್ಮೋನಿಯಂನ ಎರಡನೇ ಬಿಳಿ ಮನೆಯನ್ನು ಷಡ್ಜ ಮಾಡಿಕೊಂಡು. ಅದು ಡಿ ಸ್ವರವೇ.

ಡೋಬ್ರೋ ಕೈಗೆ ಇದು ಹೊಸ ಊರೂ ಅಲ್ಲ. ಇದನ್ನು ಕಂಡುಕೊಂಡ ದಿನ ನನಗೆ ನಿದ್ದೆ ಬರಲಿಲ್ಲ. ಡೋಬ್ರೋದ ಮೊದಲ ಮೂರು ತಂತಿ ಸ ಗ ಪ ಇತ್ತಲ್ಲ, ಓಪನ್ ಡಿಯಲ್ಲಿ ಅದೇ ಸ ಗ ಪ ಒಂದು ತಂತಿ ಒಳಕ್ಕೆ ಸರಿದು ಕೂತಿದೆ, ನಾಲ್ಕು, ಮೂರು, ಎರಡನೇ ತಂತಿಯಲ್ಲಿ. ಅದರ ಮೇಲೊಂದು ಷಡ್ಜ ಜಾಸ್ತಿ ಸಿಕ್ಕಿದೆ, ಅಷ್ಟೇ. ಬಲಗೈಯನ್ನು ಒಂದು ತಂತಿ ಒಳಗೆ ಇಟ್ಟರೆ ಹಳೆಯ ಓಟ ಹಾಗೇ ಬರುತ್ತೆ.

ಪರೀಕ್ಷೆ ಮಾಡಲು ಲ್ಯಾಪ್ ಸ್ಟೀಲೂ ಬೇಕಿಲ್ಲ. ಇವತ್ತು ರಾತ್ರಿ ಡೋಬ್ರೋದಲ್ಲೇ ಮಾಡಿ. ಒಂದು ಮತ್ತು ನಾಲ್ಕನೇ ತಂತಿ ಮುಟ್ಟಬೇಡಿ. ಎರಡು ಮತ್ತು ಐದನ್ನು ಬಿ ಇಂದ ಎಗೆ ಇಳಿಸಿ. ಮೂರನ್ನು ಜಿ ಇಂದ ಎಫ್‌ಶಾರ್ಪ್‌ಗೆ, ಆರನ್ನು ಜಿ ಇಂದ ಡಿಗೆ. ನಾಲ್ಕೇ ಬಿರಡೆ, ಎಲ್ಲವೂ ಕೆಳಕ್ಕೆ. ತಂತಿ ಕಡಿಯುವ ಭಯವಿಲ್ಲ. ಲ್ಯಾಪ್ ಸ್ಟೀಲಿನಲ್ಲಿ ಮಾತ್ರ ಆ ಸಡಿಲದ ತೊಂದರೆ ಮತ್ತೆ ಬರುತ್ತೆ. ಅದಕ್ಕೆ ದಪ್ಪ ತಂತಿ ಹಾಕಬೇಕು. ಡೋಬ್ರೋದಲ್ಲಿ 16 (ದಪ್ಪದ ಅಳತೆ, ಇಂಚಿನ ಸಾವಿರದ ಪಾಲಿನಲ್ಲಿ) ಇದ್ದ ಮೊದಲ ತಂತಿಗೆ ಇಲ್ಲಿ 18 ಹಾಕಿದ್ದೇನೆ, ಬಿಗಿ ಸರಿಹೋಗಿದೆ. ಆರನೆಯದಕ್ಕೆ ಸಿಕ್ಕಿದ್ದರಲ್ಲಿ ದಪ್ಪದ್ದು. ಇಲ್ಲಿ ಅಂಗಡಿಯಲ್ಲಿ ಬಿಡಿ ತಂತಿ ಸಿಗುವುದಿಲ್ಲ, ತರಿಸಬೇಕು. ಒಂದಕ್ಕೆ ಎರಡು ತರಿಸಿಟ್ಟುಕೊಳ್ಳಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಬಿಡಬೇಡಿ. ಗಾಂಧಾರದ ತಂತಿಯನ್ನು ಟ್ಯೂನರ್ ಆ್ಯಪಿನ ಹಸಿರು ದೀಪ ನೋಡಿ ನಿಲ್ಲಿಸಬೇಡಿ. ಆ್ಯಪ್ ತೋರಿಸುವುದು ಕೀಬೋರ್ಡಿನ ಗಾಂಧಾರ. ತಂಬೂರಿಯೊಳಗೆ ತಾನಾಗಿ ಕೇಳುವ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಕೆಳಗೆ. ನೂರು ಸೆಂಟಿಗೆ ಒಂದು ಮನೆ, ಅದರಲ್ಲಿ 14 ಅಂದರೆ ಕೂದಲೆಳೆ. ಆದರೂ ಅಷ್ಟು ಇಳಿಸಿ ಆರೂ ತಂತಿ ಮೀಟಿ ನೋಡಿ. ಸ್ವರಗಳ ನಡುವಿನ ಗುದ್ದಾಟ ನಿಂತು, ಎಲ್ಲ ಒಂದೇ ಗಂಟೆಯ ನಾದದ ಹಾಗೆ ತಣ್ಣಗಾಗುತ್ತದೆ. ಬಾರ್ ಜಾರಿಸುವ ವಾದ್ಯಕ್ಕೆ ಮನೆಗಳ ಕಟ್ಟು ಇಲ್ಲ, ಆ ಗೆರೆಗಳು ಸುಮ್ನೆ ಗುರುತು. ಬ್ರಿಜ್ ಭೂಷಣ್ ಕಾಬ್ರಾ ಅವರಿಂದ ಹಿಡಿದು ವಿಶ್ವಮೋಹನ್ ಭಟ್, ದೇಬಾಶಿಶ್ ಭಟ್ಟಾಚಾರ್ಯ, ನಮ್ಮ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರ ತನಕ ಹೊರಗಿನ ಈ ಗಿಟಾರನ್ನು ರಾಗಕ್ಕೆ ಒಗ್ಗಿಸಿದ್ದಾರಲ್ಲ, ಅದು ಸಾಧ್ಯವಾಗಿದ್ದೇ ಈ ಗುಣದಿಂದ. ಭಟ್ ಅವರು ಮೀಟದೆಯೂ ತಾವಾಗಿ ಮಿಡಿಯುವ ತರಬ್ ತಂತಿಗಳನ್ನೂ ಸೇರಿಸಿ ಮೋಹನ ವೀಣೆ ಮಾಡಿದರು. ಅಷ್ಟು ದೊಡ್ಡವರೇ ವಾದ್ಯವನ್ನು ಹಾಡಿನ ಕಡೆಗೆ ಬಗ್ಗಿಸಿರುವಾಗ, ಒಂದು ಶ್ರುತಿ ಬದಲಿಸಲು ನಾವು ಯಾಕೆ ಹೆದರಬೇಕು?

ನಮ್ಮ ಬಿಸಿಲಿನ ಮಾತೂ ಇದೆ. ಏಪ್ರಿಲ್, ಮೇನಲ್ಲಿ ಗಂಗಾವತಿ 40 ಡಿಗ್ರಿ ದಾಟುತ್ತದೆ. ಫ್ಯಾನಿನ ಕೆಳಗೆ ಶ್ರುತಿ ಮಾಡಿಕೊಂಡು ಬಯಲಿಗೆ ಒಯ್ದರೆ ಉಕ್ಕಿನ ತಂತಿ ಹಿಗ್ಗಿ ಇಳಿದುಬಿಡುತ್ತೆ. ಅರ್ಧ ಗಂಟೆ ಮೊದಲೇ ಹೋಗಿ ವಾದ್ಯವನ್ನು ಅಲ್ಲೇ ಬಿಚ್ಚಿಡಿ, ಆಮೇಲೆ ಕೂಡಿಸಿ. ಆರು ತಂತಿಯಲ್ಲಿ ಐದು ಬರೀ ಸ ಮತ್ತು ಪ ಇರುವುದರಿಂದ ಇಳಿದದ್ದು ತಕ್ಷಣ ಕಿವಿಗೆ ಸಿಗುತ್ತೆ. ಕರೆಂಟ್ ಹೋದರೆ ಪಕ್ಕದಲ್ಲಿ ಡೋಬ್ರೋ ಇರಲಿ, ಅದಕ್ಕೂ ಅದೇ ಓಪನ್ ಡಿ.

ಓಪನ್ ಡಿ ಇಟ್ಟ ಮೇಲೆ ಮೊದಲ ಅಮಾವಾಸ್ಯೆ. ಅದೇ ಬೆಳಗಿನ ಜಾವ, ಅದೇ ಭೈರವಿ. ಮೂರನೇ ಬಿರಡೆ ಇಳಿಸಿಕೊಂಡೆ. ಮಾಸ್ತರು ಹಾಡುವಾಗ ನನಗೆ ಯಾವಾಗಲೂ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿ ಅವರ ವಚನ ಗಾಯನ ನೆನಪಾಗುತ್ತದೆ, ಮಾತು ಮೊದಲು, ರಾಗ ಅದರ ಹಿಂದೆ. ಸಾಲು ಮುಗಿಯಿತು. ಬಾರ್ ಎತ್ತಿ ಆರೂ ತಂತಿ ಬಿಟ್ಟು ಮೀಟಿದೆ. ಮಾಸ್ತರು ತಿರುಗಿ ನೋಡಲಿಲ್ಲ. ಕಣ್ಣು ಮುಚ್ಚಿ, ಹಾರ್ಮೋನಿಯಂ ಮೇಲಿಂದ ಕೈ ತೆಗೆದು, ಬರೀ ನನ್ನ ತಂತಿಯ ಮೇಲೆ ಅದೇ ಸಾಲನ್ನು ಇನ್ನೊಮ್ಮೆ ಹಾಡಿದರು.

ಕೊಪ್ಪಳದ ತಮ್ಮಾ, ಮಧ್ಯಾಹ್ನ ಎರಡರಿಂದ ನಾಲ್ಕು ಅಂಗಡಿಯಲ್ಲಿ ಗಿರಾಕಿ ಕಡಿಮೆ. ಎರಡೂ ವಾದ್ಯ ತಗೊಂಡು ಬಾ. 18ರ ತಂತಿ ನನ್ನ ಹತ್ತಿರ ಎರಡಿವೆ, ಒಂದು ನಿನಗೆ.